ಅಮಾವಾಸ್ಯೆಯ ವೋಲ್ಟೇಜು

ಮೊನ್ನೆ ಬೆಳಿಗ್ಗೆ ಶೇಂಗಾ ಚಟ್ನಿ ಮಾಡಲು ಹೋಗಿ ಮಿಕ್ಸರ್ ಸುಟ್ಟೆ. ಸುಟ್ಟಿತು ಅನ್ನುವುದಕ್ಕಿಂತ ಸುಟ್ಟೆ ಅನ್ನುವುದೇ ಸರಿ. ಜಾರಿನ ಬಾಯಿವರೆಗೆ ಶೇಂಗಾ ತುಂಬಿ, ಮೇಲೆ ಬಳ್ಳೊಳ್ಳಿ ಖಾರ ಒತ್ತಿ, ಅದು ತಿರುಗಲಾರದೆ ಗುಂಯ್ ಅನ್ನುತ್ತಿದ್ದರೂ ಮುಚ್ಚಳದ ಮೇಲಿನ ಕೈ ತೆಗೆಯದೆ ಕಿಟಕಿಯಾಚೆ ನೋಡುತ್ತ ನಿಂತುಬಿಟ್ಟಿದ್ದೆ. ಬಾಗಲಕೋಟೆಯ ನವನಗರದ ನಮ್ಮ ಸೆಕ್ಟರಿನಲ್ಲಿ ಆ ಹೊತ್ತಿಗೆ ನೋಡುವಂಥದ್ದು ಏನೂ ಇರುವುದಿಲ್ಲ. ನೇರವಾದ ರಸ್ತೆ, ಅದರ ಮೇಲೆ ಹಾಲಿನವನ ಸೈಕಲ್ಲು, ಬೆಳಗಿನ ಹಳದಿ ಬಿಸಿಲು. ಆದರೂ ನೋಡುತ್ತಿದ್ದೆ. ಅಷ್ಟರಲ್ಲಿ ಆ ವಾಸನೆ ಬಂತು. ತಾಮ್ರದ ತಂತಿಗೆ ಬಳಿದಿರುವ ವಾರ್ನಿಶ್ ಸುಡುವ ವಾಸನೆ ನೀವೂ ಎಂದಾದರೂ ಮೂಸಿರುತ್ತೀರಿ. ಮೊದಲಿಗೆ ಬೆಲ್ಲ ಸೀದಂತೆ ಇರುತ್ತದೆ, ಗಂಟಲಿಗೆ ಇಳಿದ ಮೇಲೆ ಕಹಿ.

ಫಿಸಿಕ್ಸ್ ಕಲಿಸುವ ಹೆಂಗಸು ಮಿಕ್ಸರ್ ಸುಡಬಾರದು ಎಂದು ಯಾರೂ ಕಾನೂನು ಮಾಡಿಲ್ಲ. ಆದರೂ ನಾಚಿಕೆಯಾಯಿತು. ಮನೆಯವರು ಏಳುವ ಮೊದಲೇ ಕಿಟಕಿಗಳನ್ನೆಲ್ಲ ತೆರೆದೆ, ಅರ್ಧ ಪುಡಿಯಾದ ಶೇಂಗಾವನ್ನು ಡಬ್ಬಿಗೆ ಸುರಿದು ಮುಚ್ಚಿಟ್ಟೆ, ಕೊನೆಗೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ನೆಲ ತಣ್ಣಗಿತ್ತು. ನನ್ನ ಎರಡನೇ ಪಿಯುಸಿಯ ವರ್ಷ ಇದೇ ವಾಸನೆ ನಮ್ಮ ಇಳಕಲ್ಲಿನ ಮನೆಯಲ್ಲಿ ಹತ್ತು ಹನ್ನೆರಡು ದಿನ ಹೋಗದೆ ನಿಂತಿತ್ತು. ಹಾಸಿಗೆಗೆ, ದೇವರ ಜಗಲಿಗೆ, ಗೋಡೆಗೆ ನೇತುಹಾಕಿದ ನನ್ನ ಕಾಲೇಜಿನ ಚೀಲಕ್ಕೆ ಅಂಟಿಕೊಂಡಿತ್ತು. ಅದನ್ನು ಆ ಮನೆಗೆ ತಂದವಳು ನಾನೇ.

ನಮ್ಮ ಮನೆ ನೇಕಾರರ ಓಣಿಯ ಕಟ್ಟಕಡೆಯ ಮನೆ. ಅಪ್ಪ ನೂಲಿನ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿದ್ದ ಮಗ್ಗ ಅಪ್ಪನ ಅಕ್ಕ ಗಂಗವ್ವನದು. ಅವಳನ್ನು ನಾನು ಕರೆಯುತ್ತಿದ್ದದ್ದು ಅತ್ತಿ ಎಂದು. ಇಲ್ಲೂ ಹಾಗೇ ಬರೆಯುತ್ತೇನೆ, ಅತ್ತೆ ಎಂದು ಬರೆದರೆ ಅವಳು ಯಾರೋ ಬೇರೆಯವಳ ಹಾಗೆ ಕಾಣುತ್ತಾಳೆ. ಅತ್ತಿ ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದಳಂತೆ. ಬರುವಾಗ ಚಕ್ಕಡಿಯಲ್ಲಿ ತಂದದ್ದು ಒಂದು ಮಗ್ಗ ಮಾತ್ರ. ಪಡಸಾಲೆಯಲ್ಲಿ ಕುಣಿ ತೋಡಿಸಿ ಅದನ್ನು ಹೂಡಿದಳು. ನೆಲಕ್ಕೆ ಕೂತು, ಕಾಲು ಎರಡೂ ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ನೇಯುವ ಮಗ್ಗ ಅದು. ತಮ್ಮನ ಮನೆಯಲ್ಲಿ ಅವಳು ತಲೆ ಎತ್ತಿ ಓಡಾಡಿದ್ದು ಆ ಮಗ್ಗದಿಂದ. ಕಿರಾಣಿ ಸಾಮಾನಿಗೆ ಅಪ್ಪನಷ್ಟೇ ಅವಳೂ ಕೊಡುತ್ತಿದ್ದಳು. ನನ್ನ ಕಾಲೇಜಿನ ಫೀ ಅವಳದೇ. ಅವ್ವನ ಜೊತೆ ಜಗಳವಾದರೂ ಸಮಸಮನಾಗಿ ಆಡುತ್ತಿದ್ದಳು. ಒಟ್ಟಿನಲ್ಲಿ ಅವಳು ಆ ಮನೆಯಲ್ಲಿ ಅತಿಥಿಯಾಗಿರಲಿಲ್ಲ.

ಇನ್ನು ಅಮಾವಾಸ್ಯೆಯ ಮಾತು. ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಕೈಮಗ್ಗ ಕಡಿಮೆಯಾಗಿ, ಮನೆಮನೆಯಲ್ಲೂ ಕರೆಂಟಿನ ಮಗ್ಗಗಳು ಬಂದಿದ್ದವು. ಬೆಳಗಿನಿಂದ ಸಂಜೆವರೆಗೆ ಖಡಖಡ ಶಬ್ದ. ಅದು ಶಬ್ದ ಅಂತಲೂ ನಮಗೆ ಅನಿಸುತ್ತಿರಲಿಲ್ಲ. ಆದರೆ ಅಮಾವಾಸ್ಯೆಗೆ ಯಾರೂ ಮಗ್ಗ ನಡೆಸುತ್ತಿರಲಿಲ್ಲ. ಅದು ಮಗ್ಗಕ್ಕೂ ನೇಯುವವರಿಗೂ ರಜೆ. ಅಂದು ಏಳುವಾಗಲೇ ಕಿವಿಯಲ್ಲಿ ಏನೋ ಖಾಲಿಯಾದ ಹಾಗೆ ಆಗುತ್ತಿತ್ತು. ಗುಬ್ಬಿಯ ದನಿ ಕೇಳುತ್ತಿತ್ತು. ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವುದು, ಯಾರೋ ಕೊಡ ತೊಳೆಯುವುದು, ಬಸ್‌ಸ್ಟ್ಯಾಂಡಿನಿಂದ ಹುನಗುಂದದ ಬಸ್ಸು ಹಾರ್ನ್ ಹೊಡೆಯುವುದು, ಎಲ್ಲ ಒಂದೊಂದಾಗಿ, ಬಿಡಿಬಿಡಿಯಾಗಿ ಕೇಳುತ್ತಿತ್ತು. ಗಾಳಿಯಲ್ಲಿ ಸದಾ ತೇಲುವ ಹತ್ತಿಯ ಜುಂಜು, ಆ ಸಣ್ಣ ನಾರಿನ ಧೂಳು ಕೂಡ ಅಂದು ನೆಲಕ್ಕಿಳಿದು ಮಲಗಿರುತ್ತಿತ್ತು.

ಊಟ ಮುಗಿದ ಮೇಲೆ ಹೆಂಗಸರು ನಮ್ಮಿಂದ ಎರಡು ಮನೆ ಆಚೆ, ನೀಲವ್ವನ ಮನೆಮುಂದಿನ ಕಟ್ಟೆಗೆ ಸೇರುತ್ತಿದ್ದರು. ಎರೆದುಕೊಂಡ ಕೂದಲು ಹರವಿಕೊಂಡು, ಮೊರದಲ್ಲಿ ಸೊಪ್ಪು ಸೋಸುತ್ತ ಮಾತು. ಅತ್ತಿ ಬಂದ ಮೇಲೆಯೇ ಆ ಕಟ್ಟೆಗೆ ಕಳೆ. ಓಣಿಯ ಯಾರನ್ನಾದರೂ ಅವಳು ಹುಬೇಹೂಬ ಅಣಕಿಸುತ್ತಿದ್ದಳು. ನೂಲಿನ ಸಾಹುಕಾರರು ಕನ್ನಡಕ ಏರಿಸುವುದು, ನಮ್ಮಪ್ಪ ತಂಬಾಕು ಬಾಯಲ್ಲಿಟ್ಟುಕೊಂಡು ದೇವರ ಸ್ತೋತ್ರ ಹೇಳುವುದು. ನೀಲವ್ವ ನಕ್ಕು ನಕ್ಕು ಕಟ್ಟೆಯಿಂದ ಜಾರಿ ಬೀಳುವುದೊಂದು ಬಾಕಿ. ತಿಂಗಳಿಡೀ ಮಗ್ಗದ ಸದ್ದಿನಲ್ಲಿ ಒಬ್ಬರಿಗೊಬ್ಬರು ಕೈಸನ್ನೆ ಮಾಡುತ್ತಿದ್ದ ಹೆಂಗಸರಿಗೆ ಮಾತು ಕೇಳುವ ದಿನ ಅದೊಂದೇ.

ನನ್ನ ಎರಡನೇ ಪಿಯುಸಿಯ ವರ್ಷ ಅತ್ತಿಯ ಮೊಣಕಾಲು ಬಾತುಕೊಂಡಿತು. ಬಾಗಲಕೋಟೆಯ ದವಾಖಾನೆಯಲ್ಲಿ ತೋರಿಸಿದಾಗ ಡಾಕ್ಟರು, ಇನ್ನು ಮೇಲೆ ಕುಣಿಗೆ ಇಳಿಯುವ ಹಾಗಿಲ್ಲ, ತುಳಿಯುವ ಹಾಗಂತೂ ಇಲ್ಲವೇ ಇಲ್ಲ ಎಂದರು. ಅಪ್ಪ, ಕರೆಂಟಿನ ಮಗ್ಗದ ದೊಡ್ಡ ಶೆಡ್ಡಿನಲ್ಲಿ ಕೂಲಿಗೆ ಹೋದರಾಯಿತು, ಅಲ್ಲಿ ಬರೀ ನಿಂತು ನೋಡಿಕೊಳ್ಳುವ ಕೆಲಸ ಎಂದರು. ಮರಳುವಾಗ ಬಸ್ಸಿನಲ್ಲಿ ಅತ್ತಿ, ಮಂದಿ ಮಗ್ಗದ ಮುಂದೆ ತಾನು ನಿಲ್ಲುವುದಿಲ್ಲ ಎಂದಳು. ಮನೆಯಲ್ಲೇ ಕರೆಂಟಿನ ಮಗ್ಗ ಹಾಕುವುದೆಂದು ಅವಳೇ ತೀರ್ಮಾನ ಮಾಡಿದಳು. ಯಾರೋ ಮಾರುತ್ತಿದ್ದ ಹಳೆಯ ಮಗ್ಗವೊಂದು ಬಿಡಿಬಿಡಿಯಾಗಿ ಬಂದು ನಮ್ಮ ಅಂಗಳದಲ್ಲಿ ಬಿತ್ತು. ಆದರೆ ಪಡಸಾಲೆಯಲ್ಲಿ ಒಂದೇ ಮಗ್ಗಕ್ಕೆ ಜಾಗ. ಇದನ್ನು ಹೂಡಬೇಕೆಂದರೆ ಕುಣಿ ಮುಚ್ಚಬೇಕು.

ಓಣಿಯವರು ಬೇಡ ಎಂದರು. ನಿಮ್ಮದು ಕಡೆಯ ಮನೆ, ಮೊದಲಿನ ಮನೆಯವರು ಉಂಡು ಬಿಟ್ಟದ್ದು ನಿಮಗೆ ಬರುತ್ತದೆ, ಕರೆಂಟು ಸಾಲುವುದಿಲ್ಲ ಎಂದರು. ನಾನು ನಕ್ಕೆ. ಕರೆಂಟು ಏನು ಪಂಕ್ತಿಯ ಊಟವೇ? ನಾನು ಆಗ ದಿನಾ ಹುನಗುಂದಕ್ಕೆ ಬಸ್ಸಿನಲ್ಲಿ ಹೋಗಿ ಸಾಯನ್ಸ್ ಓದುತ್ತಿದ್ದವಳು. ಓಮ್‌ನ ನಿಯಮದ ಪ್ರಯೋಗದಲ್ಲಿ ನನ್ನ ಗ್ರಾಫಿನ ಗೆರೆ ಇಡೀ ಬ್ಯಾಚಿನಲ್ಲೇ ಎಲ್ಲಕ್ಕಿಂತ ನೇರ ಬಂದಿತ್ತು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ವೋಲ್ಟೇಜನ್ನೂ ಕರೆಂಟನ್ನೂ ಗುಣಿಸಿದರೆ ಪವರ್. ಎರಡು ಅಂಕಿ ಕೊಟ್ಟರೆ ಜಗತ್ತಿನ ಯಾವ ಯಂತ್ರದ ಜಾತಕವನ್ನಾದರೂ ಹೇಳುತ್ತೇನೆ ಎನ್ನುವ ಹುರುಪು. ಆ ವಯಸ್ಸಿನ ನನ್ನನ್ನು ಈಗ ಯಾರಾದರೂ ನನ್ನ ಕ್ಲಾಸಿನಲ್ಲಿ ಕೂರಿಸಿದರೆ ಮೊದಲ ದಿನವೇ ಹೊರಗೆ ಕಳಿಸುತ್ತೇನೆ.

ಅತ್ತಿ ಒಂದು ಸಂಜೆ ನನ್ನ ಮುಂದೆ ಬಂದು ಕೂತಳು. “ನೀ ಕಲತಾಕಿ. ಓಣ್ಯಾನ ಮಂದಿ ಹೇಳೂದು ನಾ ನಂಬಂಗಿಲ್ಲ. ನಮ್ಮ ಮನಿಗಿ ಕರೆಂಟ್ ಸಾಲತೈತೋ ಇಲ್ಲೋ ನೋಡಿ ಹೇಳು. ನೀ ಹೂಂ ಅಂದ್ರ ಕುಣಿ ಮುಚ್ಚಸ್ತೇನಿ.”

ನನಗೆ ಹೊಟ್ಟೆಯಲ್ಲಿ ಹಿಗ್ಗು. ಮನೆಯಲ್ಲಿ ಮೊದಲ ಸಲ ನನ್ನ ಓದು ಯಾರಿಗೋ ಬೇಕಾಗಿತ್ತು.

ಮೋಟರಿನ ರಿಪೇರಿ ಮಾಡುವವರು ಮೌಲಾಲಿ ಕಾಕಾ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದರಲ್ಲಿ ಅವರದು ಪಳಗಿದ ಕೈ. ಮಗ್ಗ ನಡೆಯುವ ದಿನಗಳಲ್ಲಿ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲ, ಹೀಗಾಗಿ ಅಮಾವಾಸ್ಯೆಗೆ ಬರುತ್ತೇನೆ ಎಂದರು. ಬಂದರು. ಅಂಗಳದಲ್ಲಿ ಒಂದು ಹಲಗೆಗೆ ಮೋಟರನ್ನು ಬಿಗಿದು, ಬೋರ್ಡಿನಿಂದ ವೈರ್ ಎಳೆದು, ತಂತಿಯನ್ನು ಚಿಮಟಿಗೆಯ ಹಾಗೆ ಕಚ್ಚಿ ಹಿಡಿಯುವ ತಮ್ಮ ಮೀಟರನ್ನು ನನ್ನ ಕೈಗೆ ಕೊಟ್ಟರು. ಮೋಟರು ಜೇನುಹುಳದ ಹಾಗೆ ಮೆತ್ತಗೆ ಹಾಡುತ್ತ ತಿರುಗಿತು. ಆ ನಿಶ್ಶಬ್ದ ಮಧ್ಯಾಹ್ನ, ಕಟ್ಟೆಯ ಕಡೆಯಿಂದ ಬರುವ ನಗೆ, ಅತ್ತಿಯ ಒದ್ದೆ ಕೂದಲಿನಿಂದ ಸೀಗೆಕಾಯಿಯ ವಾಸನೆ, ಕೈಯಲ್ಲಿ ಮೀಟರು. ಇಷ್ಟು ವರ್ಷದ ನಂತರವೂ ಅದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಇನ್ನೂರಾ ಮೂವತ್ತು ವೋಲ್ಟು. ಎರಡು ಆಂಪಿಯರ್. ನೋಟ್‌ಬುಕ್ಕಿನಲ್ಲಿ ಬರೆದೆ: ರೋಧ ನೂರಾ ಹದಿನೈದು ಓಮ್, ಪವರ್ ನಾನೂರಾ ಅರವತ್ತು ವಾಟ್.

ಅಲ್ಲಿಗೇ ನಿಲ್ಲಲಿಲ್ಲ ನಾನು. ಅಕಸ್ಮಾತ್ ವೋಲ್ಟೇಜು ನೂರಾ ಎಪ್ಪತ್ತಕ್ಕೆ ಇಳಿದರೆ ಎಂಬುದನ್ನೂ ಲೆಕ್ಕ ಹಾಕಿದೆ. ನೂರಾ ಎಪ್ಪತ್ತನ್ನು ನೂರಾ ಹದಿನೈದರಿಂದ ಭಾಗಿಸಿದರೆ ಹೆಚ್ಚುಕಡಿಮೆ ಒಂದೂವರೆ ಆಂಪಿಯರ್, ಪವರ್ ಇನ್ನೂರೈವತ್ತು ವಾಟ್. ಅಂದರೆ ಕರೆಂಟೂ ಕಡಿಮೆ, ಕಾವೂ ಕಡಿಮೆ. ಮೋಟರು ನಿಧಾನ ತಿರುಗೀತೇ ಹೊರತು ಸುಡುವ ಮಾತೇ ಇಲ್ಲ. ಇದನ್ನು ಅತ್ತಿಗೆ ವಿವರಿಸಿದೆ. ಮೌಲಾಲಿ ಕಾಕಾ ತಲೆ ಕೆರೆದುಕೊಂಡು, ನಾಡಿದ್ದು ಎಲ್ಲರ ಮಗ್ಗ ನಡೆಯುವಾಗ ಇನ್ನೊಮ್ಮೆ ನೋಡೋಣವೇ ಎಂದು ಕೇಳಿದರು. ನಾನು ನೋಟ್‌ಬುಕ್ ತೋರಿಸಿ, ಲೆಕ್ಕದಲ್ಲೇ ಬಂದಿದೆ ಕಾಕಾ, ಬೇಕಾಗಿಲ್ಲ ಎಂದೆ. ಕಲಿತವರ ಮುಂದೆ ನಾನೇನು ಹೇಳಲಿ ಎಂದು ಅವರು ಮೀಟರನ್ನು ಚೀಲಕ್ಕೆ ಹಾಕಿಕೊಂಡರು.

ಕುಣಿ ಮುಚ್ಚಿದ ದಿನ ಅತ್ತಿ ಅದಕ್ಕೆ ಅರಿಷಿಣ ಕುಂಕುಮ ಹಾಕಿ, ನೂಲು ಓಡಿಸುವ ತನ್ನ ಹಳೆಯ ಲಾಳಿಯನ್ನು ಅದರೊಳಗೆ ಇಟ್ಟಳು. ಅಂಗಳದ ಮಣ್ಣು ತುಂಬಿ, ಮೇಲೆ ನಮ್ಮೂರಿನ ಕೆಂಪುಕಲ್ಲಿನ ಚಪ್ಪಡಿ ಹಾಸಿದರು. ಹೊಸ ಮಗ್ಗ ಕೂತಿತು. ಬಾದಾಮಿಯ ಬನಶಂಕರಿಯ ಪಟದ ಕೆಳಗೆ ಅತ್ತಿ ನನ್ನ ಲೆಕ್ಕದ ಹಾಳೆಯನ್ನೂ ಸಿಗಿಸಿದಳು. ಹತ್ತು ದಿನ ಮಗ್ಗ ನಡೆಯಿತು. ಎಳೆ ಜೋಡಿಸುವಾಗ ನಿಂತೇ ಇರಬೇಕಲ್ಲ, ಕಾಲಿಗೆ ಅದೂ ನೋವೇ, ಆದರೂ ಅವಳ ಮುಖದಲ್ಲಿ ಗೆಲುವಿತ್ತು.

ಹನ್ನೊಂದನೆಯ ದಿನ ಕಾಲೇಜಿನಿಂದ ಬಂದಾಗ ಮನೆಯೊಳಗೆ ಆ ವಾಸನೆ. ಅತ್ತಿ ಹೊಸ್ತಿಲ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಒಮ್ಮೆ ಹೂಂ ಅಂತು. ಆಮ್ಯಾಲ ಸುಮ್ಮನಾತು,” ಎಂದಳು.

ಮೌಲಾಲಿ ಕಾಕಾ ಬಂದು ನಮ್ಮ ಬೋರ್ಡಿಗೆ ಮೀಟರು ಹಿಡಿದರು. ನೂರಾ ಅರವತ್ತೈದು. ಓಣಿಯ ಎಲ್ಲ ಮಗ್ಗಗಳೂ ಖಡಖಡ ನಡೆಯುತ್ತಿದ್ದವು. ಅವರು ನನ್ನನ್ನು ಒಂದು ಸಲ ನೋಡಿದರು. ಅಪ್ಪ, ಹಳೆಯ ಮೋಟರು, ಮಾರಿದವನು ಟೋಪಿ ಹಾಕಿದ ಎಂದರು. ಎಲ್ಲರೂ ಹೌದೆಂದರು. ನಾನು ನೀರು ಕುಡಿಯುವ ನೆವ ಮಾಡಿ ಒಳಗೆ ಹೋದೆ. ಸುಳ್ಳು ಹೇಳಲಿಲ್ಲ ನಿಜ, ಆದರೆ ಬಾಯಿಯನ್ನೂ ಬಿಡಲಿಲ್ಲ.

ಮರುದಿನವೇ ನಮ್ಮ ಫಿಸಿಕ್ಸ್ ಮಾಸ್ತರರನ್ನು ಕೇಳಿದೆ. ಅವರು ಬೋರ್ಡಿನ ಮೇಲೆ ಒಂದು ವೃತ್ತ ಬರೆದು ಹೇಳಿದರು. ನಿನ್ನ ನಿಯಮ ಬರೀ ತಂತಿಗೆ, ಕರೆಂಟಿನ ಒಲೆಯ ಕಾಯಿಲ್‌ಗೆ ಸರಿ. ಮೋಟರು ಹಾಗಲ್ಲ, ಅದರ ಮೇಲೆ ಮಗ್ಗದ ಕೆಲಸ ಇದೆ. ವೋಲ್ಟೇಜು ಇಳಿದರೂ ಮಗ್ಗ ಕೆಲಸ ಕಡಿಮೆ ಕೇಳುವುದಿಲ್ಲ, ಹಾಗಾಗಿ ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ. ಕರೆಂಟು ಎರಡರಷ್ಟಾದರೆ ಕಾವು ನಾಲ್ಕರಷ್ಟು. ನೀನು ಅಳೆದಾಗ ಮೋಟರಿನ ಮೇಲೆ ಹೊರೆ ಎಷ್ಟಿತ್ತು ಎಂದು ಕೇಳಿದರು. ಹೊರೆಯೇ ಇರಲಿಲ್ಲ, ಖಾಲಿ ತಿರುಗುತ್ತಿತ್ತು ಸರ್ ಎಂದೆ. ಯಾವತ್ತು ಅಳೆದೆ ಎಂದು ಕೇಳಿದರು. ಅಮಾವಾಸ್ಯೆಗೆ ಎಂದೆ. ಇಡೀ ಓಣಿಯ ಮಗ್ಗಗಳು ನಿಂತ ದಿನ, ಎಲ್ಲರೂ ಬಿಟ್ಟುಕೊಟ್ಟ ವೋಲ್ಟೇಜನ್ನು ನಮ್ಮ ಮನೆಯದೇ ಎಂದು ಬರೆದುಕೊಂಡಿದ್ದೆ. ನಮ್ಮೋಣಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಸಂಗತಿ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಮೊದಲಿನ ಮನೆಯವರು ಉಂಡು ಬಿಟ್ಟದ್ದು ಎಂದಾಗ ನಕ್ಕವಳು ನಾನು.

ಮುಂದಿನ ಹದಿನೈದು ದಿನ ಅತ್ತಿಯ ಕೈ ಖಾಲಿ. ಕುಣಿಯೂ ಇಲ್ಲ, ಮಗ್ಗವೂ ಇಲ್ಲ. ಅವಳು ಸುಮ್ಮನೆ ಕೂತದ್ದನ್ನು ನಾನು ಅದಕ್ಕೂ ಮೊದಲು ನೋಡಿಯೇ ಇರಲಿಲ್ಲ. ಚಹಾ ಮಾಡಿಕೊಳ್ಳಲೇ ಎಂದು ಅವ್ವನನ್ನು ಕೇಳತೊಡಗಿದಳು. ರೊಟ್ಟಿ ಒಂದೇ ಸಾಕು ಎನ್ನತೊಡಗಿದಳು. ಒಂದು ದಿನ ಅಪ್ಪ ಶೆಡ್ಡಿನ ಮಾತು ಮತ್ತೆ ತೆಗೆದಾಗ, ನೋಡೋಣ ಎಂದಳು. ಆ ನೋಡೋಣ ಕೇಳಿ ನನಗೆ ಅಳು ಬಂತು. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಅಮಾವಾಸ್ಯೆ ಬಂತು. ಎರೆದುಕೊಂಡು ಕೂದಲು ಒಣಗಿಸುತ್ತ ಕೂತಿದ್ದವಳ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಮೋಟರಿನದಲ್ಲ, ಮಾರಿದವನದಲ್ಲ, ತಪ್ಪು ನನ್ನದು. ಮೌಲಾಲಿ ಕಾಕಾ ಇನ್ನೊಮ್ಮೆ ನೋಡೋಣ ಎಂದರೂ ಬೇಡ ಎಂದವಳು ನಾನು. ನಾನು ಅಳೆದದ್ದು ಅಮಾವಾಸ್ಯೆಯ ವೋಲ್ಟೇಜು. ಬೈಯುತ್ತಾಳೆ, ಇಲ್ಲ ಕಣ್ಣೀರು ಹಾಕುತ್ತಾಳೆ ಎಂದುಕೊಂಡಿದ್ದೆ. ಅತ್ತಿ ಬನಶಂಕರಿಯ ಪಟದ ಕೆಳಗಿನ ಹಾಳೆಯ ಕಡೆ ನೋಡಿದಳು.

“ಅಮಾಸಿ ದಿನ ಅಷ್ಟು ಬಂದಿದ್ದು ಖರೆ ಹೌದಿಲ್ಲೊ?”

ಖರೆ ಎಂದೆ.

“ಹಂಗಾರ ಮೌಲಾಲಿನ್ನ ಕರಿ.”

ಮೋಟರಿಗೆ ಹೊಸ ತಂತಿ ಸುತ್ತಿಸಿ ಮುಂದಿನ ಅಮಾವಾಸ್ಯೆಗೆ ಅತ್ತಿ ಮಗ್ಗ ನಡೆಸಿದಳು. ಸ್ತಬ್ಧವಾದ ಓಣಿಯಲ್ಲಿ ನಮ್ಮದೊಂದೇ ಮಗ್ಗ. ಅಷ್ಟು ಜೋರಾಗಿ ಅದು ಕೇಳುತ್ತದೆಂದು ನಮಗೂ ಗೊತ್ತಿರಲಿಲ್ಲ. ನಾನು ಮೀಟರು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ನೀಲವ್ವ ಮತ್ತಿಬ್ಬರು ಹೆಂಗಸರು ಬಾಗಿಲಿಗೆ ಬಂದರು. ದೇವರ ದಿನ, ಇದೇನು ಹೊಸದು ಎಂದರು. ನಮಗೆ ಮಾತು ಕೇಳುವ ದಿನ ಇದೊಂದೇ, ಅದನ್ನೂ ಕಳೆಯುತ್ತೀಯಾ ಎಂದರು. ಅತ್ತಿ ಮಗ್ಗ ನಿಲ್ಲಿಸಿದಳು, ಅವರಿಗೆ ಕೇಳಲಿ ಎಂದು.

“ನಿಮ್ಮ ಮಗ್ಗ ನಿಂತಾಗ ನನ್ನ ಮಗ್ಗ ನಡೀತೈತಿ, ನೀಲವ್ವಾ. ನಾ ಏನ್ ಮಾಡ್ಲಿ?”

ಅವರು ನಿಂತು ನೋಡಿ ಹೋದರು. ಅತ್ತಿ ಮತ್ತೆ ಸ್ವಿಚ್ಚು ಹಾಕಿದಳು.

ಅಲ್ಲಿಂದ ಮೂರು ವರ್ಷ ಹಾಗೇ ನಡೆಯಿತು. ಅಮಾವಾಸ್ಯೆಯ ಪೂರ್ತಿ ದಿನ, ಉಳಿದ ದಿನಗಳಲ್ಲಿ ಓಣಿ ಏಳುವ ಮೊದಲಿನ ಒಂದೆರಡು ತಾಸು, ಆಮೇಲೆ ಎಲ್ಲರೂ ಮಗ್ಗ ನಿಲ್ಲಿಸಿ ಊಟಕ್ಕೆ ಕೂರುವ ಹೊತ್ತು. ಗೋಡೆಗೆ ಒಂದು ಬಲ್ಬು ಹಾಕಿಸಿಕೊಂಡಿದ್ದಳು. ಅದು ಬೆಳ್ಳಗೆ ಉರಿದರೆ ಸ್ವಿಚ್ಚು, ಹಳದಿಗೆ ತಿರುಗಿದರೆ ಬಂದ್. ಸೀರೆ ನಿಧಾನವಾಗಿಯೇ ಆಗುತ್ತಿತ್ತು, ಆದರೆ ಆಗುತ್ತಿತ್ತು. ಚಹಾಕ್ಕೆ ಅವ್ವನನ್ನು ಕೇಳುವುದು ನಿಂತಿತು. ಅಪ್ಪ ಶೆಡ್ಡಿನ ಹೆಸರು ಮತ್ತೆ ಎತ್ತಲಿಲ್ಲ. ಆಮೇಲೆ ಓಣಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಬಂತು, ಅತ್ತಿಯೂ ಎಲ್ಲರ ಹಾಗೆ ಎಲ್ಲ ದಿನ ನೇಯ್ದಳು, ಅಮಾವಾಸ್ಯೆಗೆ ರಜೆ ಮಾಡಿದಳು. ನಾನು ಹುನಗುಂದದಲ್ಲೇ ಡಿಗ್ರಿ ಮುಗಿಸಿ ಮುಂದಿನ ಓದಿಗೆ ಬಾಗಲಕೋಟೆಗೆ ಬಂದೆ, ಇಲ್ಲಿನ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದೆ, ಇಲ್ಲೇ ಸಂಸಾರ ಕಟ್ಟಿದೆ. ಅತ್ತಿ ಏಳೆಂಟು ವರ್ಷದ ಹಿಂದೆ ಮಗ್ಗ ಕೊಟ್ಟುಬಿಟ್ಟಳು. ಈಗ ನನ್ನ ತಮ್ಮನ ಮಕ್ಕಳನ್ನು ಬೈಯುತ್ತ ಆರಾಮಾಗಿದ್ದಾಳೆ.

ಪ್ರತಿವರ್ಷ ಕರೆಂಟಿನ ಪಾಠಕ್ಕೆ ಬಂದಾಗ ಈ ಕತೆಯನ್ನು ಮಕ್ಕಳಿಗೆ ಹೇಳುತ್ತೇನೆ. ಅಂಕಿ ಬರೆದರೆ ಸಾಲದು, ಯಾವ ದಿನ, ಯಾವ ಹೊತ್ತು, ಹೊರೆ ಎಷ್ಟು ಎಂದೂ ಬರೆಯಿರಿ ಎಂದು. ನನ್ನ ತಪ್ಪಿನಿಂದ ಅತ್ತಿಗೆ ದಾರಿ ಸಿಕ್ಕಿತು ಎಂಬಲ್ಲಿಗೆ ಬಂದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಾನೂ ಸ್ವಲ್ಪ ಬೀಗುತ್ತೇನೆ. ಹೇಳಿ ಹೇಳಿ ಅದು ಸುಖಾಂತದ ಕತೆಯೇ ಆಗಿಬಿಟ್ಟಿತ್ತು.

ಮೊನ್ನೆ ಅಡುಗೆಮನೆಯ ನೆಲದ ಮೇಲೆ ಕೂತಾಗ ಮಾತ್ರ ಬೇರೊಂದು ಹೊಳೆಯಿತು. ಟ್ರಾನ್ಸ್‌ಫಾರ್ಮರ್ ಬಂದ ಮೇಲೆಯೂ ಅತ್ತಿ ನೀಲವ್ವನ ಕಟ್ಟೆಗೆ ಹೋದದ್ದನ್ನು ನಾನು ನೋಡಿಲ್ಲ. ಅಮಾವಾಸ್ಯೆಗೆ ಎರೆದುಕೊಂಡು ನಮ್ಮ ಹೊಸ್ತಿಲಲ್ಲೇ ಕೂತಿರುತ್ತಿದ್ದಳು. ಅಣಕಿಸುವುದನ್ನೂ ಬಿಟ್ಟಿದ್ದಳು. ಇಷ್ಟು ವರ್ಷ ಅದು ನನಗೆ ಕಂಡೇ ಇರಲಿಲ್ಲ. ಕೂತಲ್ಲಿಂದಲೇ ಫೋನ್ ಮಾಡಿದೆ. ಅದು ಇದು ಮಾತಾಡಿ, ಆ ಮೂರು ವರ್ಷ ಕಟ್ಟೆಗೆ ಹೋಗದೆ ನಿನಗೆ ಬೇಸರ ಆಗುತ್ತಿರಲಿಲ್ಲವೇ ಎಂದು ಕೇಳಿದೆ. ಯಾಕೆ ಈಗ ಕೇಳುತ್ತೀ ಎನ್ನಲಿಲ್ಲ ಅವಳು.

“ಆಗ್ತಿತ್ತು. ನಡುನಡುವ ಮಗ್ಗ ನಿಂದ್ರಸ್ತಿದ್ನಿ. ಎಳಿ ಹರೀತು ಅಂತ ನಿಮ್ಮವ್ವಗ ಹೇಳ್ತಿದ್ನಿ. ಎಳಿ ಎಲ್ಲಿ ಹರಿದಿರತಿತ್ತು. ಅಲ್ಲಿ ಅವರು ಏನರ ಅಂದು ನಗತಿದ್ರು, ಏನಂದ್ರು ಅಂತ ಕೇಳೂದಿತ್ತು.”

ಕೇಳುತ್ತಿತ್ತೇ ಎಂದೆ.

“ನಗೂದು ಕೇಳ್ತಿತ್ತು. ಮಾತು ಕೇಳ್ತಿರಲಿಲ್ಲ.”

ನಾನು ಆ ಮೂರೂ ವರ್ಷ ಅವಳ ಪಕ್ಕದಲ್ಲೇ ನಿಂತು ವೋಲ್ಟು ಬರೆದುಕೊಳ್ಳುತ್ತಿದ್ದವಳು. ಟ್ರಾನ್ಸ್‌ಫಾರ್ಮರ್ ಬಂದ ಮೇಲಾದರೂ ಯಾಕೆ ಹೋಗಲಿಲ್ಲ ಎಂದೆ. ಅವರ ದಿನ ಕೆಡಿಸಿದವಳು ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದಳು. ಅವರು ಕರೆಯಲಿಲ್ಲ, ತಾನು ಹೋಗಲಿಲ್ಲ, ಅಷ್ಟೇ ಎಂದಳು. ಇದನ್ನೂ ಮೊಮ್ಮಕ್ಕಳ ಸ್ಕೂಲಿನ ಸುದ್ದಿ ಹೇಳುವ ದನಿಯಲ್ಲೇ ಹೇಳಿದಳು. ನೀಲವ್ವ ಇದ್ದಾಳಾ ಎಂದು ಕೇಳಿದೆ. ಇದ್ದಾಳಂತೆ, ಕಟ್ಟೆಯೂ ಇದೆಯಂತೆ.

ಬರುವ ಅಮಾವಾಸ್ಯೆ ಗುರುವಾರ ಬಿದ್ದಿದೆ. ಕಾಲೇಜಿಗೆ ರಜೆಯ ಅರ್ಜಿ ಕೊಟ್ಟಿದ್ದೇನೆ. ಇಳಕಲ್ಲಿಗೆ ಹೋಗಿ, ಊಟವಾದ ಮೇಲೆ ಅತ್ತಿಯ ಕೈ ಹಿಡಿದು ಎರಡು ಮನೆ ದಾಟಿಸಿ ಆ ಕಟ್ಟೆಯ ಮೇಲೆ ಕೂರಿಸುತ್ತೇನೆ. ನೀಲವ್ವನನ್ನು ಹೊರಗೆ ಕರೆದು, ಮೊದಲು ತಪ್ಪು ನನ್ನದೆಂದು ಹೇಳಿ, ಆ ಮೂರು ವರ್ಷ ಏನೇನು ಅಂದು ನಕ್ಕಿರಿ, ಇವಳಿಗೆ ಎಲ್ಲ ಹೇಳ್ರಿ ಅಂತ ಕೇಳುತ್ತೇನೆ.